ದಾಳವಿಲ್ಲದ ಮಣೆ

ಆಟಿ ತಿಂಗಳ ಮಳೆ ಒಮ್ಮೆ ಹಿಡಿದರೆ ಬಿಡುವ ಜಾತಿಯದ್ದಲ್ಲ. ಗದ್ದೆಯಲ್ಲಿ ನೇಜಿ ನೆಟ್ಟು ಮುಗಿದಿರುತ್ತಿತ್ತು. ಅಂಗಳ ಪಾಚಿಗಟ್ಟಿ ಕಾಲಿಟ್ಟರೆ ಜಾರುತ್ತಿತ್ತು. ಮಧ್ಯಾಹ್ನದ ಗಂಜಿ ಮುಗಿದ ಮೇಲೆ ಅಜ್ಜಿ ಎಲೆಯಡಿಕೆ ಬಾಯಿಗಿಟ್ಟುಕೊಂಡು, ಅಟ್ಟದ ಮೇಲಿಂದ ಚೆನ್ನೆಮಣೆ ಇಳಿಸಲು ಹೇಳುತ್ತಿದ್ದಳು. ಹೊಗೆ ಹಿಡಿದು ಕಪ್ಪಾದ ಹಲಸಿನ ಮರದ ಮಣೆ. ಅದರ ಜೊತೆಗೆ ಬಟ್ಟೆಯ ಸಣ್ಣ ಚೀಲವೊಂದು, ಚೀಲದ ತುಂಬ ಕೆಂಪಗೆ ಹೊಳೆಯುವ ಮಂಜೊಟ್ಟಿ ಕಾಯಿ.

“ಮೊದಲು ನೀನೇ ಆಡು” ಎನ್ನುತ್ತಿದ್ದಳು ಅಜ್ಜಿ, ಪ್ರತಿ ಸಲವೂ. ನಾನು ಬಲಗೈಗೆ ಹತ್ತಿರವಿದ್ದ ಕೊನೆಯ ಗುಳಿಯಿಂದ ಕಾಯಿ ಎತ್ತಿ ಹಂಚಲು ಶುರು ಮಾಡುತ್ತಿದ್ದೆ. ಮೊದಲ ಆಟಕ್ಕೇ ಆರು ಕಾಯಿ ಸಿಕ್ಕಿದಾಗ ಗೆದ್ದೇ ಬಿಟ್ಟೆ ಅನಿಸುತ್ತಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನನ್ನ ಕಡೆಯ ಗುಳಿಗಳು ಬರಿದು, ಅಜ್ಜಿಯ ಮಡಿಲು ತುಂಬ ಕಾಯಿ. ಒಂದು ದಿನ ಸಿಟ್ಟಿನಿಂದ, “ನಿಮಗೆ ಅದೃಷ್ಟ ಜಾಸ್ತಿ” ಎಂದೆ. ಅಜ್ಜಿ ನಕ್ಕಳು. “ಅದೃಷ್ಟ ಎಲ್ಲಿಂದ ಬರ್ತದೆ ಮಗಾ? ಎಲ್ಲ ನಿನ್ನ ಕಣ್ಣೆದುರೇ ಉಂಟಲ್ಲ!”

ಆ ಮಾತಿನಲ್ಲಿ ಒಂದು ದೊಡ್ಡ ಸಂಗತಿ ಅಡಗಿತ್ತೆಂದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು.

ದಾಳ, ಕವಡೆ, ಕಾಯಿ

ನಮ್ಮ ಜಗಲಿಯಾಟಗಳನ್ನು ಎರಡು ಗುಂಪು ಮಾಡಬಹುದು. ಒಂದರಲ್ಲಿ ಮೊದಲು ಏನನ್ನಾದರೂ ಉರುಳಿಸಬೇಕು. ಪಗಡೆಗೆ ದಾಳ, ಚೌಕಾಬಾರಕ್ಕೆ ನಾಲ್ಕು ಕವಡೆ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಯಾವ ಕಾಯಿ ನಡೆಸಬೇಕೆಂಬ ಜಾಣ್ಮೆ ಅಲ್ಲಿಯೂ ಬೇಕು, ಆದರೆ ಎಷ್ಟು ಮನೆ ನಡೆಸಬೇಕೆಂದು ಹೇಳುವುದು ಕವಡೆ. ಸೋತಾಗ ದೂರಲು ಒಬ್ಬರು ಸಿಗುತ್ತಾರೆ. ಧರ್ಮರಾಯ ರಾಜ್ಯ ಕಳೆದುಕೊಂಡದ್ದಕ್ಕೆ ಇವತ್ತಿಗೂ ನಾವು ಶಕುನಿಯ ದಾಳವನ್ನೇ ಬೈಯುತ್ತೇವೆ.

ಎರಡನೆಯ ಗುಂಪಿನಲ್ಲಿ ಉರುಳುವುದೇನೂ ಇಲ್ಲ. ಚದುರಂಗ, ಹುಲಿ-ಕುರಿ, ಸಾಲುಮನೆ, ಮತ್ತು ನಮ್ಮ ಚೆನ್ನೆಮಣೆ ಈ ಗುಂಪಿನವು. ಮಣೆಯ ಮೇಲೆ ಇರುವುದೆಲ್ಲ ಇಬ್ಬರಿಗೂ ಕಾಣುತ್ತದೆ. ಇಸ್ಪೀಟಿನಂತೆ ಕೈಯಲ್ಲಿ ಮುಚ್ಚಿಟ್ಟುಕೊಳ್ಳುವ ಎಲೆಯಿಲ್ಲ, ಬೀಳಬಹುದಾದ ಗರವಿಲ್ಲ. ಇಂಥ ಆಟಗಳಲ್ಲಿ ಒಂದು ನಡೆಯ ಫಲ ಏನೆಂಬುದು ಆಡುವ ಮೊದಲೇ ನಿಶ್ಚಯವಾಗಿರುತ್ತದೆ. ಅದನ್ನು ಕಾಣುವ ಕಣ್ಣು ಬೇಕು, ಅಷ್ಟೆ.

ಚದುರಂಗಕ್ಕೆ ನಾವು ಬುದ್ಧಿಯ ಆಟವೆಂಬ ಗೌರವ ಕೊಟ್ಟಿದ್ದೇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಒಂದು ಮನೆಗೆ ಎರಡು ಸಲ ಹೋಗದಂತೆ ಇಡೀ ಮಣೆ ಸುತ್ತಿಸುವ ಲೆಕ್ಕಗಳಲ್ಲಿ ಮುಳುಗಿರುತ್ತಿದ್ದರು, ಹೊಸ ಮಣೆಯಾಟಗಳನ್ನೂ ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಚೆನ್ನೆಮಣೆಗೆ ಮಾತ್ರ ಅಂಥ ಪಟ್ಟ ಒದಗಲಿಲ್ಲ. ಹೆಂಗಸರು ಮಳೆಗಾಲದಲ್ಲಿ ಹೊತ್ತು ಕಳೆಯುವ ಆಟ ಎಂದು ಅದು ಅಟ್ಟದ ಮೇಲೇ ಉಳಿಯಿತು.

ಹೊತ್ತು ಸಿಗುತ್ತಿದ್ದದ್ದೂ ಆಗಲೇ ಅನ್ನಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯಲ್ಲಿ ತುಳುನಾಡಿನ ಮನೆಗಳಲ್ಲಿ ಶುಭಕಾರ್ಯವಿಲ್ಲ, ಹೊಲದ ಕೆಲಸವೂ ಕಡಿಮೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ವರ್ಷವಿಡೀ ಒಲೆ, ಹಟ್ಟಿ, ಗದ್ದೆ ಎಂದು ಓಡುವವರು ಎದುರುಬದುರು ಕೂತು ಒಂದು ಇಡೀ ಮಧ್ಯಾಹ್ನ ತಲೆ ಓಡಿಸಲು ಸಿಗುತ್ತಿದ್ದದ್ದು ಆ ಒಂದು ತಿಂಗಳು.

14 ಗುಳಿ, 56 ಕಾಯಿ

ಕನ್ನಡದಲ್ಲಿ ಇದಕ್ಕೆ ಅಳಗುಳಿಮಣೆ, ಅಳಿಗುಳಿಮಣೆ ಎಂಬ ಹೆಸರುಗಳಿವೆ. ತುಳುವಿನಲ್ಲಿ ಚೆನ್ನೆಮಣೆ, ತಮಿಳಿನಲ್ಲಿ ಪಲ್ಲಾಂಕುಳಿ, ತೆಲುಗಿನಲ್ಲಿ ವಾಮನಗುಂಟಲು. ಮಣೆ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ: ಎದುರುಬದುರು ಎರಡು ಸಾಲು, ಸಾಲಿಗೆ ಏಳು ಗುಳಿ. ಕೆಲವು ಮಣೆಗಳಿಗೆ ಗೆದ್ದ ಕಾಯಿ ಹಾಕಿಕೊಳ್ಳಲು ಎರಡು ತುದಿಯಲ್ಲಿ ದೊಡ್ಡ ಗುಳಿ ಇರುತ್ತದೆ. ಮೀನಿನ ಆಕಾರದವು, ನಡುವೆ ತಿರುಗುಣಿ ಹಾಕಿ ಪೆಟ್ಟಿಗೆಯಂತೆ ಮಡಿಸುವಂಥವು, ಹಿತ್ತಾಳೆಯವು ಎಂದು ಬಗೆಬಗೆ. ಮಣೆ ಇಲ್ಲದವರು ನೆಲದಲ್ಲಿ ಗುಳಿ ತೋಡಿಕೊಂಡರು, ಕಲ್ಲುಹಾಸಿನ ಮೇಲೆ ಕೆತ್ತಿಕೊಂಡರು.

ಕಾಯಿಗೆ ಕರಾವಳಿಯಲ್ಲಿ ಮಂಜೊಟ್ಟಿ ಬೀಜ. ಇದನ್ನೇ ಮಂಜಾಡಿ ಎಂದು ಅಕ್ಕಸಾಲಿಗರು ಹಿಂದೆ ಚಿನ್ನ ತೂಗಲು ಬಳಸುತ್ತಿದ್ದರು. ಒಂದು ಬೀಜಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ್ದೇ ಅದಕ್ಕೆ ಕಾರಣ. ಬಯಲುಸೀಮೆಯಲ್ಲಿ ಹುಣಸೆಬೀಜ ಸಾಕು. ಗುಲಗಂಜಿಯೂ ಬಳಕೆಯಲ್ಲಿತ್ತು, ಆದರೆ ಅದು ಅಗಿದರೆ ವಿಷ. ಚಿಕ್ಕ ಮಕ್ಕಳ ಕೈಗೆ ಕೊಡದಿರುವುದು ಒಳ್ಳೆಯದು.

ಆಟದ ಬಗೆಗಳು ಊರಿಗೊಂದು. ಒಬ್ಬರೇ ಆಡಿಕೊಳ್ಳುವ ಬಗೆಗೆ ಸೀತೆಯ ಹೆಸರಿದೆ. ಅಶೋಕವನದಲ್ಲಿ ಅವಳು ಹೀಗೆ ಹೊತ್ತು ಕಳೆದಳಂತೆ. ನಮ್ಮ ಮನೆಯಲ್ಲಿ ಇಬ್ಬರು ಆಡುತ್ತಿದ್ದ ಸರಳ ಬಗೆ ಹೀಗಿತ್ತು.

ಪ್ರತಿ ಗುಳಿಗೆ ನಾಲ್ಕು ಕಾಯಿ. ನನ್ನ ಕಡೆಯ ಏಳು ಗುಳಿ ನನ್ನವು, ಎದುರಿನವು ಅಜ್ಜಿಯವು. ಸರದಿ ಬಂದಾಗ ನನ್ನ ಯಾವುದಾದರೂ ಒಂದು ಗುಳಿಯ ಕಾಯಿಯನ್ನೆಲ್ಲ ಎತ್ತಿ, ಎಡದಿಂದ ಬಲಕ್ಕೆ ಗುಳಿಗೊಂದರಂತೆ ಹಾಕುತ್ತ ಹೋಗಬೇಕು. ನನ್ನ ಸಾಲು ಮುಗಿದರೆ ತಿರುಗಿ ಅಜ್ಜಿಯ ಸಾಲಿಗೆ, ಅದು ಮುಗಿದರೆ ಮತ್ತೆ ನನ್ನ ಸಾಲಿಗೆ. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಏನಿದೆಯೋ ಅದನ್ನು ಎತ್ತಿ ಮತ್ತೆ ಹಂಚಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯೂ ಖಾಲಿ ಇದ್ದರೆ ಅಲ್ಲಿಗೆ ಓಟ ನಿಂತಿತು. ಆ ಖಾಲಿ ಗುಳಿಯ ಆಚೆಗಿನ ಗುಳಿಯಲ್ಲಿರುವ ಕಾಯಿಗಳೆಲ್ಲ ನನ್ನವು. ಸಾಲಾಗಿ ಎರಡು ಗುಳಿ ಖಾಲಿ ಇದ್ದರೆ ಏನೂ ಇಲ್ಲ, ಬರಿಗೈ. ಆಮೇಲೆ ಸರದಿ ಎದುರಾಳಿಗೆ.

ಇದರ ಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ಕಟ್ಟಳೆ ಸೇರಿಕೊಳ್ಳುತ್ತವೆ. ಆಟದ ನಡುವೆ ಒಂದು ಗುಳಿಯಲ್ಲಿ ಸರಿಯಾಗಿ ನಾಲ್ಕು ಕಾಯಿ ಕೂಡಿದರೆ ಅದು ಆ ಗುಳಿಯ ಒಡೆಯರಿಗೆ ಸೇರುವುದು ಒಂದು. ತಮಿಳರು ಈ ನಾಲ್ಕರ ಕೂಟವನ್ನು ‘ಪಸು’, ಅಂದರೆ ಹಸು ಎಂದೇ ಕರೆಯುತ್ತಾರೆ.

ಒಂದು ಸುತ್ತು ಮುಗಿದ ಮೇಲೆ ಗೆದ್ದ ಕಾಯಿಗಳಿಂದ ತಮ್ಮ ತಮ್ಮ ಗುಳಿಗಳನ್ನು ನಾಲ್ಕರಂತೆ ಮತ್ತೆ ತುಂಬಿಸಬೇಕು. ನನಗೆ ಸಿಕ್ಕಿದ್ದು 25 ಕಾಯಿ ಎಂದಿಟ್ಟುಕೊಳ್ಳಿ. ಆರು ಗುಳಿ ತುಂಬುತ್ತದೆ, ಒಂದು ಕಾಯಿ ಕೈಯಲ್ಲುಳಿಯುತ್ತದೆ. ತುಂಬದ ಏಳನೆಯ ಗುಳಿ ಆ ಸುತ್ತಿಗೆ ಮುಚ್ಚಿದಂತೆ. ಗುರುತಿಗೆ ಒಂದು ಕಡ್ಡಿ ಅಡ್ಡ ಇಡುತ್ತಿದ್ದೆವು. ಎದುರಾಳಿಯ ಬಳಿ 31 ಕಾಯಿ. ಏಳೂ ಗುಳಿ ತುಂಬಿ ಮೂರು ಮಿಕ್ಕುತ್ತವೆ. ಹೀಗೆ ಸೋತವರ ಮನೆ ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತ ಹೋಗುತ್ತದೆ. ನಾಲ್ಕು ಕಾಯಿಗೂ ಗತಿ ಇಲ್ಲದಾದಾಗ ಆಟ ಮುಗಿಯಿತು.

ಏಳನೆಯ ಗುಳಿಯ ಗುಟ್ಟು

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ಒಂದು ರಜೆಯ ದಿನ, ಕಾಗದದ ಮೇಲೆ 14 ವೃತ್ತ ಬರೆದುಕೊಂಡು ಮೊದಲ ನಡೆಯನ್ನು ಲೆಕ್ಕ ಹಾಕಿದೆ. ನೀವೂ ಹುಣಸೆಬೀಜ ಇಟ್ಟು ನೋಡಬಹುದು. ನನ್ನ ಗುಳಿಗಳು ಎಡದಿಂದ ಬಲಕ್ಕೆ 1ರಿಂದ 7, ಎದುರಾಳಿಯವು ಅದೇ ಓಟದಲ್ಲಿ 8ರಿಂದ 14.

ಮೂರನೆಯ ಗುಳಿಯಿಂದ ಶುರು ಮಾಡೋಣ. ನಾಲ್ಕು ಕಾಯಿ 4, 5, 6, 7ಕ್ಕೆ ಹೋಯಿತು. ಮುಂದಿನದು 8, ಅಲ್ಲಿನ ನಾಲ್ಕು 9ರಿಂದ 12ಕ್ಕೆ. ಮುಂದಿನದು 13, ಅಲ್ಲಿನ ನಾಲ್ಕು 14, 1, 2, 3ಕ್ಕೆ. ಈಗ ಮುಂದಿನ 4ನೆಯ ಗುಳಿಯಲ್ಲಿ ಐದಿವೆ. ಅವು 5ರಿಂದ 9ಕ್ಕೆ. 10ರಲ್ಲಿ ಐದು, ಅವು 11ರಿಂದ ಹೊರಟು 1ರವರೆಗೆ. 2ರಲ್ಲಿ ಐದು, ಅವು 3ರಿಂದ 7ಕ್ಕೆ. 8ರಲ್ಲಿ ಈಗ ಒಂದೇ ಒಂದು; ಅದು 9ಕ್ಕೆ. ಮುಂದಿನ 10 ಖಾಲಿ. ಓಟ ನಿಂತಿತು. 11ರಲ್ಲಿ ಆರು ಕಾಯಿಗಳಿವೆ, ಅವು ನನ್ನವು.

ಏಳು ಸಲ ಎತ್ತಿದ್ದು, 28 ಕಾಯಿ ಹಾಕಿದ್ದು, ಗೆದ್ದದ್ದು ಆರು. ಈಗ ಬೇರೆ ಗುಳಿಯಿಂದ ಶುರು ಮಾಡಿ ನೋಡಿ. ಯಾವುದರಿಂದ ಶುರು ಮಾಡಿದರೂ ಏಳು ಸಲವೇ ಎತ್ತುತ್ತೀರಿ, ಆರೇ ಗೆಲ್ಲುತ್ತೀರಿ. ಎಲ್ಲ ಗುಳಿಯಲ್ಲೂ ನಾಲ್ಕೇ ಇರುವಾಗ ಮಣೆಗೆ ಮೊದಲಿಲ್ಲ, ಕೊನೆಯಿಲ್ಲ. ಓಟದ ಆಕಾರ ಅದೇ, ಅದು ಮಣೆಯ ಸುತ್ತ ಸರಿದು ಕೂರುತ್ತದೆ ಅಷ್ಟೆ. ಹಾಗಾಗಿ ಮೊದಲು ಆಡುವವರಿಗೆ ಆರು ಕಾಯಿ ಕಟ್ಟಿಟ್ಟ ಬುತ್ತಿ. ಅಜ್ಜಿಯ “ಮೊದಲು ನೀನೇ ಆಡು” ಎಂಬ ಔದಾರ್ಯಕ್ಕೆ ಬೆಲೆ ಆರು ಕಾಯಿ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಗೆದ್ದದ್ದು ಒಂದೇ ಆದರೂ ಮಣೆಯ ಮೇಲೆ ಉಳಿದ 50 ಕಾಯಿ ಯಾರ ಕಡೆ ಎಷ್ಟೆಷ್ಟು ಎಂಬುದು ಗುಳಿಯಿಂದ ಗುಳಿಗೆ ಬದಲಾಗುತ್ತದೆ. ಒಂದನೆಯ ಗುಳಿಯಿಂದ ಹೊರಟರೆ ನನ್ನ ಕಡೆ 31, ಎದುರಿಗೆ 19. ಮೂರರಿಂದ ಹೊರಟರೆ 30 ಮತ್ತು 20. ನಾಲ್ಕರಿಂದ 29 ಮತ್ತು 21. ಎರಡರಿಂದ 24 ಮತ್ತು 26. ಐದು, ಆರು ಎಂದು ಬಲಕ್ಕೆ ಹೋದಂತೆ ನನ್ನ ಪಾಲು 23, 22 ಎಂದು ಇಳಿಯುತ್ತದೆ. ಏಳರಿಂದ ಹೊರಟರೆ ನನಗುಳಿಯುವುದು 21, ಎದುರಾಳಿಗೆ 29.

ಇನ್ನೊಂದು ಇದೆ. ಒಂದರಿಂದ ಆರರವರೆಗೆ ಯಾವ ಗುಳಿಯಿಂದ ಹೊರಟರೂ ಗೆಲ್ಲುವ ಆರು ಕಾಯಿ ಎದುರಾಳಿಯ ಗುಳಿಯವು. ಏಳನೆಯದರಿಂದ ಹೊರಟರೆ ಮಾತ್ರ ಓಟ ನಿಲ್ಲುವುದು 14ರ ಮುಂದೆ. ಎತ್ತಿಕೊಳ್ಳುವ ಆರು ಕಾಯಿ ನನ್ನದೇ ಒಂದನೆಯ ಗುಳಿಯವು. ಬಲಗೈಗೆ ಹತ್ತಿರವೆಂದು ಬಾಲ್ಯವಿಡೀ ನಾನು ಆಡುತ್ತಿದ್ದದ್ದು ಅದೇ ಏಳನೆಯ ಗುಳಿಯಿಂದ. ನನ್ನ ಮನೆಯನ್ನು ನಾನೇ ದೋಚಿ, ಗೆದ್ದೆನೆಂದು ಕುಣಿದು, ಎದುರಿಗೆ 29 ಕಾಯಿ ಹರಡಿಟ್ಟು ಅಜ್ಜಿಗೆ ಸರದಿ ಬಿಟ್ಟುಕೊಡುತ್ತಿದ್ದೆ. ಅವಳು ಕಾಗದದಲ್ಲಿ ಲೆಕ್ಕ ಹಾಕಿದವಳಲ್ಲ. ಆದರೆ ಆ ಗುಳಿಯತ್ತ ನನ್ನ ಕೈ ಹೋದಾಗಲೆಲ್ಲ ಎಲೆಯಡಿಕೆ ಜಗಿಯುವ ಬಾಯಿಯಲ್ಲಿ ಸಣ್ಣ ನಗು ಇರುತ್ತಿತ್ತೆಂದು ಈಗ ನೆನಪಾಗುತ್ತದೆ.

ತಮ್ಮ ಕಡೆ ಹೆಚ್ಚು ಕಾಯಿ ಇದ್ದ ಮಾತ್ರಕ್ಕೆ ಗೆದ್ದಂತೆ ಅಲ್ಲ. ತುಂಬಿದ ಗುಳಿಯೇ ಕಳ್ಳನ ಕಣ್ಣಿಗೆ ಬೀಳುವ ಗುಳಿ. ತುಂಬಿದ ಗುಳಿಯ ಹಿಂದಿನದು ಖಾಲಿ ಇದ್ದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಜಾಣರು ಆ ಖಾಲಿ ಗುಳಿಗೆ ಒಂದು ಕಾಯಿ ಬೀಳುವ ಹಾಗೆ ಆಡಿ ಬಾಗಿಲು ಹಾಕುತ್ತಾರೆ. ಅದಾಗದಿದ್ದರೆ ಪಕ್ಕದ ಗುಳಿಯನ್ನೂ ಬರಿದು ಮಾಡಿ ಸಾಲಾಗಿ ಎರಡು ಖಾಲಿ ಗುಳಿಯ ಬೇಲಿ ಕಟ್ಟುತ್ತಾರೆ. ದೊಡ್ಡ ಗುಳಿಯೊಂದನ್ನು ಹಲವು ಸರದಿ ಮುಟ್ಟದೆ ಇಟ್ಟು, ಅದರ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಕಾಯುತ್ತಾರೆ. ಕೊನೆಯ ಹಂತದಲ್ಲಿ, ಮಣೆಯ ಮೇಲೆ ಹತ್ತು ಹನ್ನೆರಡು ಕಾಯಿ ಉಳಿದಾಗ, ಆಟ ಪೂರ್ತಿ ಬದಲಾಗುತ್ತದೆ. ಆಗ ಯಾರ ಬಳಿ ಇನ್ನೂ ಎಷ್ಟು ನಡೆ ಉಳಿದಿದೆ ಎಂಬುದೇ ಲೆಕ್ಕ. ಒಂಟಿ ಕಾಯಿಗಳನ್ನು ಒಂದೊಂದಾಗಿ ತಳ್ಳುತ್ತ ಎದುರಾಳಿಯನ್ನು ತನ್ನ ದೊಡ್ಡ ಗುಳಿ ಒಡೆಯುವ ಹಾಗೆ ಮಾಡುವುದು ಅಲ್ಲಿಯ ಕಲೆ.

ನಮ್ಮ ಮನೆಯಲ್ಲಿ ಗುಳಿಗೆ ಬೆರಳಿಟ್ಟು ಕಾಯಿ ಎಣಿಸುವಂತಿರಲಿಲ್ಲ. ಕಣ್ಣಲ್ಲೇ ಅಂದಾಜಿಸಬೇಕು. ಏಳೆಂಟು ಕಾಯಿಯ ರಾಶಿಯನ್ನು ಒಂದೇ ನೋಟಕ್ಕೆ ಇಷ್ಟೇ ಎನ್ನುವ ಅಭ್ಯಾಸ ಅಜ್ಜಿಗಿತ್ತು. ಸಂತೆಯಲ್ಲಿ ಮೀನು, ಕಣದಲ್ಲಿ ಭತ್ತ ಅಂದಾಜಿಸುವಾಗಲೂ ಅದೇ ಕಣ್ಣು ಕೆಲಸ ಮಾಡುತ್ತಿತ್ತು.

ಅಬ್ಬಗ ದಾರಗ

ಅದೃಷ್ಟಕ್ಕೆ ಜಾಗವಿಲ್ಲದ ಆಟದಲ್ಲಿ ಸೋಲು ಹೆಚ್ಚು ಚುಚ್ಚುತ್ತದೆ. ತುಳುನಾಡಿನ ಹಾಡುಗತೆಯಾದ ಸಿರಿ ಪಾಡ್ದನದ ಕೊನೆಯ ಭಾಗವನ್ನು ನಾನು ಈ ಬೆಳಕಿನಲ್ಲಿಯೇ ಕೇಳುತ್ತೇನೆ.

ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ಮತ್ತು ದಾರಗ. ಹಿರಿಯರು ಮನೆಯಲ್ಲಿಲ್ಲದ ಹೊತ್ತು ಇಬ್ಬರೂ ಚೆನ್ನೆಮಣೆ ಇಟ್ಟು ಆಡಲು ಕೂರುತ್ತಾರೆ. ಆಟ ಜಗಳಕ್ಕೆ ತಿರುಗುತ್ತದೆ, ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆಯುತ್ತಾಳೆ. ಹೊಡೆತ ತಿಂದವಳು ಸಾಯುತ್ತಾಳೆ. ಹೊಡೆದವಳು ಬಾವಿಗೆ ಹಾರುತ್ತಾಳೆ. ಸಿರಿ ಜಾತ್ರೆಗಳಲ್ಲಿ ಮೈದುಂಬಿದ ಹೆಂಗಸರು ಇವತ್ತಿಗೂ ಈ ಅವಳಿಗಳಾಗಿ ಮಾತಾಡುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ಪತ್ನಿ ಅನ್ನೆಲಿ, ಬಿ.ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿದರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಷ್ಟಿತ್ತು.

ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ಹಿರಿಯರು ಹೇಳುತ್ತಿದ್ದದ್ದು ಈ ಕತೆಯ ನೆರಳಲ್ಲಿ. ಗಂಡಹೆಂಡಿರೂ ಆಡಬಾರದೆಂಬ ಮಾತಿದೆ. ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಆಟದ ಒಳಗನ್ನು ಬಲ್ಲವರಿಗೆ ಇದರಲ್ಲಿ ಒಂದು ವಿವೇಕ ಕಾಣುತ್ತದೆ. ಚೌಕಾಬಾರದಲ್ಲಿ ಸೋತ ತಂಗಿ “ಕವಡೆ ಬೀಳಲಿಲ್ಲ” ಎಂದು ಎದ್ದು ಹೋಗಬಹುದು. ಚೆನ್ನೆಯಲ್ಲಿ ಸೋತವಳಿಗೆ ಅಂಥ ಆಸರೆ ಇಲ್ಲ. ಎದುರಿಗಿರುವವಳು ನನಗಿಂತ ಚೆನ್ನಾಗಿ ಯೋಚಿಸಿದಳು ಎಂದು ಒಪ್ಪಿಕೊಳ್ಳಬೇಕು, ಅದೂ ಒಂದೇ ಹೊಟ್ಟೆಯಲ್ಲಿ ಒಂದೇ ದಿನ ಹುಟ್ಟಿದವಳ ಮುಂದೆ. ಕತೆ ಕಟ್ಟಿದವರು ಆ ಜಗಳಕ್ಕೆ ಪಗಡೆಯನ್ನು ಇಡದೆ ಚೆನ್ನೆಮಣೆಯನ್ನು ಇಟ್ಟದ್ದು ಸುಮ್ಮನೆ ಇರಲಾರದು.

ಅರಳಿಕಟ್ಟೆಯಿಂದ ಅರಮನೆಗೆ

ಗುಳಿಗೆ ಬೀಜ ಹಾಕುವ ಈ ಆಟದ ಬಳಗ ಬಹಳ ದೊಡ್ಡದು. ಜಗತ್ತಿನಲ್ಲಿ ಇದಕ್ಕೆ ಮಂಕಾಲಾ ಎಂಬ ಹೆಸರು ನಿಂತಿದೆ. ಅರಬ್ಬೀ ಭಾಷೆಯಲ್ಲಿ ‘ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸು’ ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದು ಅದು. ಅಮೆರಿಕದ ಸ್ಟುವರ್ಟ್ ಕ್ಯೂಲಿನ್ 1890ರ ದಶಕದಲ್ಲಿಯೇ ಮಂಕಾಲಾವನ್ನು ಆಫ್ರಿಕದ ರಾಷ್ಟ್ರೀಯ ಆಟ ಎಂದು ಕರೆದು ಒಂದು ಪ್ರಬಂಧ ಬರೆದರು. ಎರಿಟ್ರಿಯಾದ ಮತಾರಾ, ಇಥಿಯೋಪಿಯಾದ ಯೆಹಾಗಳಲ್ಲಿ ಸಿಕ್ಕಿರುವ ಮಣೆಯ ಗುರುತುಗಳನ್ನು ಪುರಾತತ್ತ್ವಜ್ಞರು ಕ್ರಿ.ಶ. 6–7ನೇ ಶತಮಾನದವೆಂದು ಹೇಳಿದ್ದಾರೆ.

ಘಾನಾದಲ್ಲಿ ಇದು ಒವಾರೆ: 12 ಗುಳಿ, 48 ಬೀಜ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರ ನೆನಪಿನಲ್ಲಿ ಕಡಲು ದಾಟಿ ಕೆರಿಬಿಯನ್ನಿನ ಆಂಟಿಗುವಾ, ಬಾರ್ಬಡೋಸ್‌ಗಳಲ್ಲಿ ಅದು ವಾರಿ ಆಯಿತು. ಎಲ್ಲವನ್ನೂ ಕಸಿದುಕೊಂಡವರಿಗೆ ಆಟವೊಂದನ್ನು ಕಸಿಯಲಾಗಲಿಲ್ಲ. ನೆಲದಲ್ಲಿ ಗುಳಿ ತೋಡಿದರೆ ಮಣೆ ಸಿದ್ಧವಲ್ಲವೇ! ಆಫ್ರಿಕದ ಪೂರ್ವ ಕರಾವಳಿಯ ಸ್ವಾಹಿಲಿ ಜನರ ಬಾವೊಗೆ ನಾಲ್ಕು ಸಾಲು, 32 ಗುಳಿ, 64 ಬೀಜ. ಉಗಾಂಡಾದ ಒಮ್ವೇಸೊಗೂ ಅಷ್ಟೇ. ನಮ್ಮ ಪಕ್ಕದ ಶ್ರೀಲಂಕಾದಲ್ಲಿ ಸಿಂಹಳ ಹೊಸ ವರ್ಷಕ್ಕೆ ಓಲಿಂದ ಕೇಲಿಯ. ಓಲಿಂದ ಎಂದರೆ ಗುಲಗಂಜಿ. ಮಲೇಷ್ಯಾದಲ್ಲಿ ಚೊಂಗ್ಕಾಕ್, ಜಾವಾದಲ್ಲಿ ದಾಕೊನ್, ಫಿಲಿಪ್ಪೀನ್ಸ್‌ನಲ್ಲಿ ಸುಂಗ್ಕಾ. ಸುಂಗ್ಕಾದಲ್ಲಿ ನಮ್ಮ ಹಾಗೆಯೇ ಒಂದೊಂದು ಕಡೆಗೆ ಏಳು ಗುಳಿ, ಆದರೆ ಗುಳಿಗೆ ಏಳು ಬೀಜ.

ಒಂದು ವ್ಯತ್ಯಾಸ ಮಾತ್ರ ಯೋಚನೆಗೆ ಹಚ್ಚುತ್ತದೆ. ಆಫ್ರಿಕದ ಬಹಳಷ್ಟು ಕಡೆ ಇದು ಮರದ ನೆರಳಿನ ಕಟ್ಟೆಯಲ್ಲಿ, ಸುತ್ತ ಹತ್ತು ಜನ ನಿಂತು ನೋಡುವಾಗ, ಗಂಡಸರು ಆಡುವ ಆಟ. ಉಗಾಂಡಾದ ಬುಗಾಂಡದಲ್ಲಿ ಅದಕ್ಕೆ ಅರಮನೆಯ ನಂಟೂ ಇದೆ. ಜಂಜಿಬಾರಿನಲ್ಲಿ ಬಾವೊ ಬಲ್ಲವರನ್ನು ‘ಫುಂಡಿ’, ‘ಬಿಂಗ್ವಾ’ ಎಂದು ಕರೆಯುತ್ತಾರೆ. ಕುಶಲಿ, ನಿಪುಣ ಎಂಬ ಗೌರವದ ಮಾತುಗಳವು. ಇಂಥ ಪಟುಗಳ ತಲೆ ಹೇಗೆ ಓಡುತ್ತದೆಂದು ತಿಳಿಯುವುದಕ್ಕೇ ಡಚ್ ಸಂಶೋಧಕ ಅಲೆಕ್ಸ್ ಡಿ ವೋಗ್ಟ್ 1995ರಲ್ಲಿ ಒಂದು ಇಡೀ ಪ್ರಬಂಧ ಬರೆದರು. ಇಲ್ಲಿ ಅದೇ ಬಳಗದ ಆಟವನ್ನು ಬಲ್ಲ ಅಜ್ಜಿಯರಿಗೆ ಯಾವ ಬಿರುದೂ ಇರಲಿಲ್ಲ. ಜಗಲಿಯಲ್ಲಿ ಕೂತು ಚದುರಂಗ ಆಡುವ ಅಜ್ಜನನ್ನು ನಾವು ಬುದ್ಧಿವಂತ ಎಂದೆವು, ಒಳಗೆ ಕೂತು ಚೆನ್ನೆ ಆಡುವ ಅಜ್ಜಿಯನ್ನು ಪುರುಸೊತ್ತಿನವಳು ಎಂದೆವು.

ಯಂತ್ರ ಕಂಡ ಕೊನೆ

ಚೆನ್ನೆಯ ಲೆಕ್ಕ ಎಷ್ಟು ಆಳ? 56 ಕಾಯಿಗಳನ್ನು 14 ಗುಳಿಗಳಲ್ಲಿ ಎಷ್ಟು ಬಗೆಯಾಗಿ ಇಡಬಹುದೆಂದು ಶಾಲೆಯ ಗಣಿತದಿಂದಲೇ ಲೆಕ್ಕ ಹಾಕಬಹುದು. ಉತ್ತರ 38 ಲಕ್ಷ ಕೋಟಿಗೂ ಹೆಚ್ಚು. ಆಟದಲ್ಲಿ ಎಲ್ಲ ಬಗೆಗಳೂ ಬರಲಾರವು, ಅದು ಬೇರೆ. ಆದರೆ ಒಂದು ಚೀಲ ಬೀಜ ಮತ್ತು ಒಂದು ಹಲಗೆಯೊಳಗೆ ಇಷ್ಟು ದೊಡ್ಡ ಕಾಡು ಇದೆ.

ಈ ಬಳಗದ ಒಂದು ಆಟದ ಕೊನೆಯನ್ನು ಕಂಪ್ಯೂಟರ್ ಕಂಡುಬಿಟ್ಟಿದೆ. ಒವಾರೆಯನ್ನೇ ಹೋಲುವ ಅವಾರಿ ಎಂಬ ಬಗೆಯನ್ನು ಆಮ್‌ಸ್ಟರ್‌ಡ್ಯಾಮ್‌ನ ವ್ರೈಯೆ ವಿಶ್ವವಿದ್ಯಾಲಯದ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ 2002ರಲ್ಲಿ ಪೂರ್ತಿಯಾಗಿ ಬಿಡಿಸಿದರು. ಅವರು ಹಿಡಿದದ್ದು ಹಿಂದುಮುಂದಾದ ದಾರಿ. ಮಣೆಯ ಮೇಲೆ ಒಂದೇ ಬೀಜ ಉಳಿದರೆ ಯಾರು ಗೆಲ್ಲುತ್ತಾರೆ? ಎರಡು ಉಳಿದರೆ? ಮೂರು? ಹೀಗೆ ಕೊನೆಯಿಂದ ಮೊದಲಿಗೆ ಹತ್ತುತ್ತ, ಕೆಳಗಿನ ಮೆಟ್ಟಿಲಿನ ಉತ್ತರದಿಂದ ಮೇಲಿನ ಮೆಟ್ಟಿಲಿನ ಉತ್ತರ ಪಡೆಯುತ್ತ 48 ಬೀಜದವರೆಗೆ ಬಂದರು. ನೋಡಿದ ಸ್ಥಿತಿಗಳು 88,900 ಕೋಟಿಗೂ ಮಿಕ್ಕು. 144 ಪ್ರೊಸೆಸರುಗಳು 51 ಗಂಟೆ ದುಡಿದವು. ಸಿಕ್ಕಿದ ಉತ್ತರ ಬಹಳ ಚಿಕ್ಕದು: ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ತಲಾ 24, ಆಟ ಸಮ.

ಅಂದರೆ ಇಲ್ಲಿ ಮೊದಲು ಆಡಿದವರಿಗೆ ಹುಟ್ಟಿನಿಂದ ಬಂದ ಗೆಲುವಿಲ್ಲ, ಎರಡನೆಯವರಿಗೂ ಇಲ್ಲ. ಗೆಲುವು ಬರುವುದು ಎದುರಿನವರ ತಪ್ಪಿನಿಂದ. ಅಷ್ಟು ಕೋಟಿ ಸ್ಥಿತಿಗಳನ್ನು ನೆನಪಿಟ್ಟುಕೊಳ್ಳುವ ಮನುಷ್ಯ ಹುಟ್ಟಿಲ್ಲವಾದ್ದರಿಂದ ತಪ್ಪುಗಳಿಗೆ ಬರವಿಲ್ಲ, ಆಟಕ್ಕೂ ಸಾವಿಲ್ಲ.

ಬಳಗದ ಎಲ್ಲ ಆಟಗಳೂ ಹೀಗೆ ಸಮತೂಕದವಲ್ಲ. ಇವತ್ತು ಮೊಬೈಲಿನಲ್ಲಿ ಮಂಕಾಲಾ ಎಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಕಲಾಹ್. ಅದು ಹಳ್ಳಿಯ ಕಟ್ಟೆಯಿಂದ ಬಂದದ್ದಲ್ಲ. ವಿಲಿಯಂ ಜೂಲಿಯಸ್ ಚಾಂಪಿಯನ್ ಎಂಬ ಅಮೆರಿಕನ್ 1940ರಲ್ಲಿ ರೂಪಿಸಿದ್ದು. 2000ದಲ್ಲಿ ಸಂಶೋಧಕರು ಅದರ ಹಲವು ಬಗೆಗಳನ್ನು ಬಿಡಿಸಿ ನೋಡಿದಾಗ ಬಹುತೇಕ ಕಡೆ ಮೊದಲು ಆಡಿದವರ ಕೈಯೇ ಮೇಲೆಂದು ಕಂಡಿತು. ನಮ್ಮ ಚೆನ್ನೆಯ ಊರೂರಿನ ಕಟ್ಟಳೆಗಳನ್ನು ಮೊಬೈಲಿನ ಕಲಾಹ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಣೆ ಮತ್ತೆ ಇಳಿಯಲಿ

ಹಳೆಯ ಮಣೆಗಳು ಈಗ ಪೇಟೆ ಮನೆಗಳ ಶೋಕೇಸಿನಲ್ಲಿ ಕೂತಿವೆ. ಗುಳಿಯಲ್ಲಿ ಬೀಜದ ಬದಲು ಬಣ್ಣದ ಗೋಲಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಅಳಗುಳಿಮಣೆ, ಪಗಡೆ, ಚೌಕಾಬಾರ, ಹುಲಿ-ಕುರಿಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಮತ್ತೆ ಜನರ ಕೈಗೆ ತಲುಪಿಸುತ್ತಿವೆ. ಕರಾವಳಿಯಲ್ಲಿ ಆಟಿಯ ಹೆಸರಿನ ಕೂಟಗಳಲ್ಲಿ ಪತ್ರೊಡೆಯ ಜೊತೆಗೆ ಚೆನ್ನೆಮಣೆಯೂ ಒಂದು ಮೇಜಿನ ಮೇಲಿರುತ್ತದೆ. ಫೋಟೊ ತೆಗೆದುಕೊಂಡು ಮುಂದೆ ಹೋಗುವವರೇ ಹೆಚ್ಚು. ಕೂತು ಒಂದು ಸುತ್ತು ಪೂರ್ತಿ ಆಡುವವರು ಕಡಿಮೆ. ಬೆಲೆಬಾಳುವ ಮಣೆ ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ಸೀಮೆಸುಣ್ಣದ 14 ವೃತ್ತ, ಒಂದು ಮುಷ್ಟಿ ಹುಣಸೆಬೀಜ, ಎದುರಿಗೆ ಒಬ್ಬರು. ಅಷ್ಟಿದ್ದರೆ ಆಯಿತು.

ಕಳೆದ ಮಳೆಗಾಲ ಅಕ್ಕನ ಮಗಳು ರಜೆಗೆ ಬಂದಿದ್ದಳು. ಕರೆಂಟು ಹೋಗಿತ್ತು, ಮೊಬೈಲಿನ ಚಾರ್ಜೂ ಮುಗಿದಿತ್ತು. ಅಜ್ಜಿಯ ಮಣೆ ಇಳಿಸಿ ಒರೆಸಿ, ಗುಳಿಗೆ ನಾಲ್ಕರಂತೆ ಕಾಯಿ ಹಾಕಿ ಅವಳ ಮುಂದಿಟ್ಟೆ. ಕಟ್ಟಳೆ ಹೇಳಿಕೊಟ್ಟು, “ಮೊದಲು ನೀನೇ ಆಡು” ಎಂದೆ. ಅವಳ ಕೈ ನೇರ ಏಳನೆಯ ಗುಳಿಗೆ ಹೋಯಿತು. ಆರು ಕಾಯಿ ಗೆದ್ದು ಅವಳು ಚಪ್ಪಾಳೆ ತಟ್ಟಿದಾಗ ಹೇಳಿಬಿಡಲೇ ಅನಿಸಿತು. ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಮೂರು ಆಟ ಸೋತಳು. ಮೂರನೆಯದು ಮುಗಿದಾಗ ಅವಳು ಮಣೆಯಿಂದ ಕಣ್ಣು ಎತ್ತಲಿಲ್ಲ, ತುಟಿ ಮಾತ್ರ ಏನೋ ಎಣಿಸುತ್ತಿತ್ತು. ನಾಲ್ಕನೆಯ ಆಟಕ್ಕೆ ಕಾಯಿ ತುಂಬಿದ ಮೇಲೆ ಅವಳ ಕೈ ಏಳನೆಯ ಗುಳಿಯ ಮೇಲೆ ಬಂದು ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ ಎಡಕ್ಕೆ ಸರಿಯಿತು.